ಪರ್ಯಾಯದ ಹತ್ತು ಲಕ್ಷದಲ್ಲೊಂದು ಪಾಲು

ಉಡುಪಿ ಕಡೆಯ ಮದುವೆ ಕಾಗದದಲ್ಲಿ ‘ಅಭಿಜಿನ್ ಸುಮುಹೂರ್ತ’ ಎಂದಿದ್ದರೆ ಊಟದ ಹೊತ್ತು ಬೇರೆ ಕೇಳಬೇಕಾಗಿಲ್ಲ. ಹಗಲನ್ನು ಹದಿನೈದು ಪಾಲು ಮಾಡಿದರೆ ನಟ್ಟನಡುವೆ ಬರುವ ಎಂಟನೆಯ ಮುಹೂರ್ತವೇ ಅಭಿಜಿನ್. ಘಳಿಗೆಗೆ 24 ನಿಮಿಷ, ಮುಹೂರ್ತಕ್ಕೆ ಎರಡು ಘಳಿಗೆ. ಆ 48 ನಿಮಿಷ ಪುರೋಹಿತರದ್ದು, ಅದರ ಮುಂದಿನದೆಲ್ಲ ಅಡುಗೆ ಭಟ್ಟರದ್ದು. ಅನುಭವಸ್ಥರು ಅಕ್ಷತೆಗೂ ಮೊದಲ ಪಂಕ್ತಿಗೂ ಒಟ್ಟಿಗೇ ಎಟಕುವ ಹಾಗೆ ಲೆಕ್ಕ ಹಾಕಿ ಮನೆಯಿಂದ ಹೊರಡುತ್ತಾರೆ.

ನಡುಹಗಲೆಂದರೆ ಹನ್ನೆರಡು ಗಂಟೆಯಲ್ಲವೇ, ಕಾಗದದಲ್ಲೇಕೆ ಹನ್ನೆರಡು ಕಾಲು, ಹನ್ನೆರಡೂವರೆ ಎಂದಿರುತ್ತದೆ? ನಮ್ಮ ಕೈಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸೂರ್ಯನಿಗೆ, ಅಂದರೆ ಅಲಹಾಬಾದಿನ ಆಸುಪಾಸಿನವನಿಗೆ. ಉಡುಪಿ ಇರುವುದು ಹತ್ತಿರ ಹತ್ತಿರ 74.75ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ 31 ನಿಮಿಷ ತಡ. ತಿಂಗಳಿಗೆ ತಕ್ಕಂತೆ ಕಾಲು ಗಂಟೆ ಅತ್ತಿತ್ತ. ಆ 31 ನಿಮಿಷವೆಂದರೆ ಹಳೆಯ ಲೆಕ್ಕದಲ್ಲಿ ಒಂದೂಕಾಲು ಘಳಿಗೆ. ಸಭೆಗೆ ಅರ್ಧ ಗಂಟೆ ತಡವಾಗಿ ಬರುವ ಉಡುಪಿಯವರು ಸೂರ್ಯನ ಪ್ರಕಾರ ಸರಿಯಾಗಿಯೇ ಬಂದಿರುತ್ತಾರೆ. ಈ ಸಮಜಾಯಿಷಿ ಬೇಕಾದವರು ಧಾರಾಳವಾಗಿ ಬಳಸಿಕೊಳ್ಳಬಹುದು. ಸಿಟಿ ಬಸ್ಸಿನವರ ಹತ್ತಿರ ಮಾತ್ರ ಇದು ನಡೆಯದು. ಮಣಿಪಾಲದ ದಾರಿಯಲ್ಲಿ ಹಿಂದಿನ ಬಸ್ಸಿನ ಒಂದು ನಿಮಿಷವನ್ನು ಮುಂದಿನವನು ತಿಂದನೆಂದರೆ ನಿಲ್ದಾಣದಲ್ಲಿ ದೊಡ್ಡ ಪಂಚಾಯಿತಿಯೇ ಸೇರುತ್ತದೆ.

ಪಂಚಾಂಗದ ಘಳಿಗೆಯನ್ನು ಗಂಟೆ ಮಾಡಲು ನನ್ನ ದೊಡ್ಡಪ್ಪನಿಗೆ ಕಾಗದ ಬೇಕಿರಲಿಲ್ಲ. ಎರಡರಿಂದ ಗುಣಿಸು, ಐದರಿಂದ ಭಾಗಿಸು, ಬಂದದ್ದಕ್ಕೆ ಸೂರ್ಯೋದಯ ಸೇರಿಸು. ಏಕಾದಶಿ ಎಷ್ಟು ಹೊತ್ತಿಗೆ ಬಿಡುತ್ತದೆಂದು ಎಲೆಯಡಿಕೆ ಮೆಲ್ಲುತ್ತಲೇ ಹೇಳುತ್ತಿದ್ದರು. ನಾವೀಗ ಅದಕ್ಕೊಂದು ಆ್ಯಪ್ ಇಳಿಸಿಕೊಂಡು, ಅದು ತೋರಿಸಿದ್ದು ಬೆಂಗಳೂರಿನ ಸೂರ್ಯೋದಯವೋ ಉಡುಪಿಯದೋ ಎಂದು ಚರ್ಚೆ ಮಾಡುತ್ತೇವೆ.

ಕಾಪುವಿನಲ್ಲಿ ಕಾಲಮಾನ ಮಾರಿಯಮ್ಮನದು. ಸುಗ್ಗಿ ಮಾರಿ, ಆಟಿ ಮಾರಿ, ಜಾರ್ದೆ ಮಾರಿ ಎಂದು ವರ್ಷಕ್ಕೆ ಮೂರು ಪೂಜೆ. ತುಳು ತಿಂಗಳು ಎಣಿಸಿ ನೋಡಿ: ಸುಗ್ಗಿಯಿಂದ ಆಟಿಗೆ ನಾಲ್ಕು, ಆಟಿಯಿಂದ ಜಾರ್ದೆಗೆ ನಾಲ್ಕು, ಅಲ್ಲಿಂದ ಮತ್ತೆ ಸುಗ್ಗಿಗೆ ನಾಲ್ಕು. ಯಾವ ಬ್ಯಾಂಕಿನ ಕಂತೂ ಇಷ್ಟು ಸಮವಾಗಿರುವುದಿಲ್ಲ. ಕೈಸಾಲ ಕೊಂಡವರು “ಆಟಿ ಮಾರಿಗೆ ಕೊಡುತ್ತೇನೆ” ಎಂದರೆ ತಾರೀಖು ಕೇಳುವುದು ಮರ್ಯಾದೆಯಲ್ಲ. ಯಾವ ವರ್ಷದ ಆಟಿ ಎಂದು ಕೇಳಿಟ್ಟುಕೊಳ್ಳುವುದು ಮಾತ್ರ ಒಳ್ಳೆಯದು.

ಕಾರ್ಕಳದವರ ಎಣಿಕೆಯ ಎರಡು ತುದಿಯೂ ಅತಿ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ. 2002ರ ಬಳಿಕದ್ದು ನಡೆದದ್ದು 2015ರಲ್ಲಿ. ಅಷ್ಟು ಹೊತ್ತು ನಿಂತವನಿಗೆ ಒಂದು ವರ್ಷ ಯಾವ ಲೆಕ್ಕ! ಇನ್ನೊಂದು ತುದಿಯಲ್ಲಿ ಕಂಬಳ, ಸೆಕೆಂಡಿನ ನೂರರಲ್ಲೊಂದು ಪಾಲಿಗೂ ಅಲ್ಲಿ ಜಗಳವುಂಟು. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ದೇಶವೆಲ್ಲ ಕ್ಯಾಲ್ಕ್ಯುಲೇಟರ್ ಹಿಡಿದು ನೂರು ಮೀಟರಿಗೆ 9.55 ಎಂದು ತೆಗೆಯಿತು. ಉಸೇನ್ ಬೋಲ್ಟ್‌ನ ದಾಖಲೆ 9.58. ಕೆಲವೇ ದಿನಗಳಲ್ಲಿ ಕಾರ್ಕಳ ತಾಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟರು ವೇಣೂರಿನಲ್ಲಿ 143 ಮೀಟರಿಗೆ 13.61 ಸೆಕೆಂಡು ಮಾಡಿದಾಗ ಅದು 9.51ಕ್ಕೆ ಇಳಿಯಿತು. ಭಾಗಾಕಾರ ಸರಿಯೇ. ಆ ಭಾಗಾಕಾರದಲ್ಲಿ ಕೋಣಗಳೆರಡೂ ಬಿಟ್ಟುಹೋದದ್ದು ಯಾರಿಗೂ ಕಾಣಲಿಲ್ಲ. ಬೋಲ್ಟ್‌ನನ್ನು ಮುಂದಿನಿಂದ ಯಾರೂ ಎಳೆದಿರಲಿಲ್ಲ. ಶೆಟ್ಟರಂತೆ ಅವನು ಕೆಸರಿನಲ್ಲಿ ಓಡಿಯೂ ಇರಲಿಲ್ಲ.

ಮಣಿಪಾಲದಲ್ಲಿ ಕಂಪ್ಯೂಟರ್ ಓದುವ ನನ್ನ ಸೋದರಳಿಯನಿಗೆ ಇದನ್ನೆಲ್ಲ ಹೇಳಿದರೆ, “ಮಾವ, ನಮ್ಮಲ್ಲಿ ಮೈಕ್ರೋಫೋರ್ಟ್‌ನೈಟ್ ಎಂಬುದುಂಟು” ಎಂದ. ಫೋರ್ಟ್‌ನೈಟ್ ಎಂದರೆ ನಮ್ಮ ಹದಿನೈದು ದಿನದ ಪಕ್ಷವಲ್ಲ, ಇಂಗ್ಲಿಷರ ಎರಡು ವಾರ. ಅದರ ಹತ್ತು ಲಕ್ಷದಲ್ಲೊಂದು ಪಾಲು, 1.2096 ಸೆಕೆಂಡು. ವಿಎಂಎಸ್ ಎಂಬ ಹಳೆಯ ಕಂಪ್ಯೂಟರ್ ವ್ಯವಸ್ಥೆ ತಾರೀಖು ಕೇಳಿ ಎಷ್ಟು ಹೊತ್ತು ಕಾಯಬೇಕೆಂಬುದನ್ನು ನಿಜವಾಗಿಯೂ ಈ ಅಳತೆಯಲ್ಲಿ ಕೊಡಬೇಕಿತ್ತಂತೆ. ತಮಾಷೆಗೆ ಮಾಡಿಟ್ಟದ್ದು.

ಅಂಥದ್ದೇ ಒಂದು ನಮಗೂ ಇರಲಿ ಎಂದು ನಾನು ಪರ್ಯಾಯ ಹಿಡಿದು ಕುಳಿತೆ. ಮೊದಲು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಶ್ರೀಕೃಷ್ಣ ಪೂಜೆಯ ಸರದಿಯನ್ನು ವಾದಿರಾಜರು ಎರಡು ವರ್ಷ ಮಾಡಿದರು. ಎಂಟು ಮಠದ ಸುತ್ತು ಮುಗಿಯಲು 16 ವರ್ಷ. ಇದು ಗಟ್ಟಿ ಅಳತೆ. ದೊಡ್ಡಮ್ಮ ತನ್ನ ಮದುವೆ “ಪೇಜಾವರರ ಎರಡನೇ ಪರ್ಯಾಯದಲ್ಲಿ” ಎನ್ನುತ್ತಾರೆ. ಪೇಜಾವರ ಮಠದ ವಿಶ್ವೇಶತೀರ್ಥರ ಮೊದಲನೆಯದು 1952, ಐದನೆಯದು 2016; ಹಾಗಾಗಿ ಎರಡನೆಯದು 1968. ಆಧಾರ್ ಕಾರ್ಡಿಗಿಂತ ಇದನ್ನೇ ನಾನು ನಂಬುತ್ತೇನೆ. ಎರಡು ವರ್ಷದ ಹತ್ತು ಲಕ್ಷದಲ್ಲೊಂದು ಪಾಲು 63 ಸೆಕೆಂಡು ಚಿಲ್ಲರೆ. “ಒಂದು ನಿಮಿಷ ಬಂದೆ” ಎನ್ನುವ ಹೋಟೆಲ್ ಮಾಣಿಯ ನಿಮಿಷಕ್ಕೂ ಅದಕ್ಕೂ ಹೋಲಿಕೆಯಿಲ್ಲ ಬಿಡಿ.

ಚಿಲ್ಲರೆ ಎಷ್ಟೆಂದು ಕೆದಕಿದಾಗ ಸಿಕ್ಕಿದ್ದು ಬೇರೆಯೇ. ಪರ್ಯಾಯ ಏರುವುದು ಸಮಸಂಖ್ಯೆಯ ವರ್ಷದ ಜನವರಿ 18ಕ್ಕೆ. ಫೆಬ್ರವರಿ 29 ಬರುವುದು ನಾಲ್ಕು ವರ್ಷಕ್ಕೊಮ್ಮೆ. 16 ನಾಲ್ಕರ ಮಡಿಯಾದ್ದರಿಂದ ಆ ಹೆಚ್ಚಿನ ದಿನ ಪ್ರತಿ ಸುತ್ತಿನಲ್ಲೂ ಅದೇ ನಾಲ್ಕು ಮಠಗಳಿಗೆ ಬೀಳುತ್ತದೆ. ಅದಮಾರು, ಪುತ್ತಿಗೆ, ಸೋದೆ, ಪೇಜಾವರಗಳಿಗೆ 731 ದಿನ. ಪಲಿಮಾರು, ಕೃಷ್ಣಾಪುರ, ಶೀರೂರು, ಕಾಣಿಯೂರುಗಳಿಗೆ 730. 2026ರಲ್ಲಿ ಸರ್ವಜ್ಞ ಪೀಠ ಏರಿದ ಶೀರೂರಿಗೂ ಒಂದು ದಿನ ಕಡಿಮೆಯೇ. ಇದಕ್ಕೆ ಯಾರೂ ತಕರಾರು ತೆಗೆದದ್ದು ನಾನು ಕೇಳಿಲ್ಲ.

ಆದರೆ 2100 ಲೀಪ್ ವರ್ಷವಲ್ಲ. ಇದೇ ಸರದಿ, ಇದೇ ತಾರೀಖು ಮುಂದುವರಿದರೆ ಆ ವರ್ಷ ಪೀಠ ಏರುವುದು ಅದಮಾರು ಮಠ, ಆ ಸಲ ಅವರಿಗೂ 730 ದಿನವೇ. ಆಗ ಉಡುಪಿಯಲ್ಲಿರುವವರು ಪರ್ಯಾಯಕ್ಕೆ ಮುನ್ನ ನಡೆಯುವ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತಗಳಿಗೆ ಮೊದಲೇ ಮಠದ ಉಗ್ರಾಣದವರ ಕಿವಿಗೆ ಹಾಕಿಬಿಡಿ, ಒಂದು ದಿನದ ಅನ್ನಸಂತರ್ಪಣೆಯ ಅಕ್ಕಿ ಕಡಿಮೆ ತರಿಸಿದರೆ ಸಾಕು.