ರೀಲು ಬಿಡುವ ಡಾಕ್ಟರು

ನಮ್ಮ ಕಾಲದಲ್ಲಿ ರೀಲು ಬಿಡುವವರೇ ಬೇರೆ, ಡಾಕ್ಟರುಗಳೇ ಬೇರೆ. ರೀಲು ಬಿಡುವವರು ಹೈದರಾಬಾದಿನ ಕಾಚಿಗೂಡ ಚೌರಸ್ತಾದ ಇರಾನಿ ಹೋಟೆಲಿನಲ್ಲಿ ಒಂದು ಚಹಾ ತರಿಸಿ ಇಬ್ಬರು ಕುಡಿಯುತ್ತ, ನಿಜಾಮರು ತಮ್ಮ ಮುತ್ತಜ್ಜನ ಹತ್ತಿರ ಕೈಗಡ ಕೇಳಿದ ಕಥೆ ಹೇಳುತ್ತಿದ್ದರು. ಡಾಕ್ಟರು ಮಾತೇ ಆಡುತ್ತಿರಲಿಲ್ಲ. ‘ನಾಲಗೆ ಚಾಚು’ ಅಂದರೆ ಅದೇ ಅವರ ದೊಡ್ಡ ಭಾಷಣ. ಪಕ್ಕದ ಮನೆಯವರು ನಿನ್ನೆ ನಿಮ್ಮಲ್ಲಿಗೆ ಬಂದಿದ್ದರಂತಲ್ಲ, ಏನಾಗಿದೆಯಂತೆ ಎಂದು ಕೆದಕಿದರೆ, “ಮಳಿ ಬರೋ ಹಂಗದ, ಛತ್ರಿ ತಂದೀರಿಲ್ಲೋ?” ಎಂದು ಔಷಧಿ ಚೀಟಿ ಕೈಗಿಡುತ್ತಿದ್ದರು. ಈಗ ಎರಡೂ ಕಸುಬು ಒಂದೇ ಕೊರಳಿಗೆ ಬಿದ್ದಿವೆ. ಅಂಥ ಕೊರಳೊಂದು ನಮ್ಮ ಓಣಿಯಲ್ಲೇ ಇದೆ. ಅದಕ್ಕೆ ಹಗಲೂ ರಾತ್ರಿ ಸ್ಟೆತಸ್ಕೋಪು ಜೋತುಬಿದ್ದಿರುತ್ತದೆ.

ಹೆಸರು ಹೇಳುವುದಿಲ್ಲ. ಹೇಳಿದರೆ ಹುಡುಗನಿಗೇನೂ ಬೇಜಾರಿಲ್ಲ, ನಾಲ್ಕು ಫಾಲೋವರು ಹೆಚ್ಚಾದರೆಂದು ಸಂತೋಷವನ್ನೇ ಪಟ್ಟಾನು, ಸಂಕೋಚ ನನ್ನದು. ಸಾಹಿತ್ಯ ಮಂದಿರದ ಕಡೆಯ ಓಣಿ, ಮೇಲಿನ ಪೋರ್ಷನ್ನು, ಕಲಬುರಗಿ ಕಡೆಯ ಮಂದಿ, ಒಬ್ಬನೇ ಮಗ. ಇಷ್ಟು ಹೇಳಿದ ಮೇಲೆ ಓಣಿಯವರಿಗೆ ಹೆಸರು ಯಾಕೆ ಬೇಕು? ನಾವೆಲ್ಲ ಡಾಕ್ಟರ್ ಸಾಬ್ ಎನ್ನುತ್ತೇವೆ. ಮೂರನೇ ಕ್ಲಾಸಿನಲ್ಲಿದ್ದಾಗ ಛದ್ಮವೇಷದ ಸ್ಪರ್ಧೆಗೆ ಅಪ್ಪನ ಬಿಳಿ ಅಂಗಿಯನ್ನು ಮೊಣಕಾಲ ತನಕ ಇಳಿಬಿಟ್ಟುಕೊಂಡು ಡಾಕ್ಟರಾಗಿ ಬಂದಿದ್ದ. ಸಮಾಧಾನಕರ ಬಹುಮಾನ ಬಂದಿತ್ತು. ಆ ವೇಷ ಇನ್ನೂ ಕಳಚಿಲ್ಲ.

ಸದ್ಯಕ್ಕೆ ಆತ ಹೌಸ್ ಸರ್ಜನ್. ಹೌಸ್ ಸರ್ಜನ್ ಅಂದರೆ ಮನೆಗೇ ಬಂದು ಆಪರೇಷನ್ ಮಾಡುವವನು ಎಂದು ನನ್ನ ಹೆಂಡತಿ ಬಹಳ ದಿನ ನಂಬಿದ್ದಳು. ವಿಷಯ ಅಷ್ಟು ಗಂಭೀರವಾದದ್ದಲ್ಲ. ನಾಲ್ಕೂವರೆ ವರ್ಷ ಓದಿ ಮುಗಿಸಿದ ಮೇಲೆ ಹನ್ನೆರಡು ತಿಂಗಳು ವಾರ್ಡಿನಿಂದ ವಾರ್ಡಿಗೆ ತಿರುಗಬೇಕು. ರಕ್ತ ಎಳೆಯಬೇಕು, ಅದನ್ನು ಲ್ಯಾಬಿಗೆ ಹೊತ್ತುಕೊಂಡು ಹೋಗಬೇಕು, ರಿಪೋರ್ಟು ಬಂದಿಲ್ಲವೇಕೆಂದು ಮತ್ತೆ ಓಡಬೇಕು. ಪಿಜಿ ಬೈದರೆ ಕೇಳಬೇಕು, ಸಿಸ್ಟರ್ ಬೈದರೆ ಇನ್ನೂ ಗಮನವಿಟ್ಟು ಕೇಳಬೇಕು. ಇದು ನೆಲದ ಮೇಲಿನ ಮಾತು. ಫೋನಿನೊಳಗೆ ನೋಡಿದರೆ ನಮ್ಮ ಡಾಕ್ಟರ್ ಸಾಬ್‌ ‘ಜೀವ ಉಳಿಸುವವನು, ಕನಸುಗಾರ, ಬಿರಿಯಾನಿ ಪ್ರೇಮಿ’. ಕೆಳಗೆ ಕೂದಲೆಣ್ಣೆಯ ಡಿಸ್ಕೌಂಟ್ ಕೋಡು.

ಅವನ ‘ಒಬ್ಬ ಡಾಕ್ಟರನ ದಿನಚರಿ’ ಎಂಬ ರೀಲು ಬೆಳಗಿನ ಐದಕ್ಕೆ ಶುರುವಾಗುತ್ತದೆ. ಅದನ್ನು ತೆಗೆಯುವುದು ಹನ್ನೊಂದೂವರೆಗೆ, ನೈಟ್ ಡ್ಯೂಟಿ ಮುಗಿಸಿ ಮಲಗಿ ಎದ್ದ ಮೇಲೆ, ಕಿಟಕಿಗೆ ಚಾದರ ಕಟ್ಟಿ. ಕ್ಯಾಮರಾ ಹಿಡಿಯುವುದು ತಾಯಿ. ಪಾಪ, ಆಕೆಯ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಒಗ್ಗರಣೆ ಸೌಟು. “ಅವ್ವಾ, ಕೈ ಅಲುಗಿಸಬ್ಯಾಡ” ಎಂದು ಈತ. “ಲಗೂನ ಏಳೋ, ಸಾಸಿವಿ ಹತ್ತಲಿಕತ್ತಾವ” ಎಂದು ಆಕೆ. ಹೀಗೆ ಆರು ಸಲ ಎದ್ದಮೇಲೆ ಒಂದು ಏಳುವಿಕೆ ಒಪ್ಪಿಗೆಯಾಗುತ್ತದೆ. ರೀಲಿನ ಮಾತು ಇಂಗ್ಲಿಷು, ನಡುನಡುವೆ ತೆಲುಗು, ಭಾವನೆ ಉಕ್ಕಿದಾಗ ಹಿಂದಿ. ಕನ್ನಡ ತಾಯಿಯ ಮೇಲೆ ರೇಗಲಿಕ್ಕೆ ಮಾತ್ರ. ದೇವರ ಮನೆಯಲ್ಲಿ ರಿಂಗ್ ಲೈಟು ಇಟ್ಟಿದ್ದಾರೆ, ಪ್ಲಗ್ಗು ಅಲ್ಲೇ ಇರುವುದರಿಂದ. ವೆಂಕಟರಮಣನಿಗೆ ಹಿಂದೆಂದೂ ಇಲ್ಲದ ಪ್ರಭಾವಳಿ ಬಂದಿದೆ.

ನಾನು ಸುಮ್ಮನೆ ಕೂತವನಲ್ಲ. ಪೇಪರಿನಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಅವನಿಗೆ ತೋರಿಸುವ ಚಟ ನನಗಿದೆ. 2019ರ ಜುಲೈನಲ್ಲಿ ಇಲ್ಲಿನ ಗಾಂಧಿ ಆಸ್ಪತ್ರೆಯಲ್ಲೇ ಫಿಜಿಯೋಥೆರಪಿ ಕಲಿಯಲು ಬಂದ ಇಬ್ಬರು ಟಿಕ್‌ಟಾಕ್ ಮಾಡಿ ಆಸ್ಪತ್ರೆಯಿಂದ ಹೊರಬಿದ್ದರು. ಮಾರನೆಯ ವರ್ಷ ಟಿಕ್‌ಟಾಕೇ ದೇಶದಿಂದ ಹೊರಬಿತ್ತು. 2024ರ ಫೆಬ್ರವರಿಯಲ್ಲಿ ಗದಗಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ 38 ವಿದ್ಯಾರ್ಥಿಗಳು ಆಸ್ಪತ್ರೆಯೊಳಗೆ ಕುಣಿದು ರೀಲು ಮಾಡಿದ್ದಕ್ಕೆ ಅವರ ತರಬೇತಿಯನ್ನು ಹತ್ತು ದಿನ ಎಳೆದರು. ಆ ಕತ್ತರಿಕೆಯನ್ನು ನಾನು ಹೆದರಿಸುವ ಧಾಟಿಯಲ್ಲೇ ಓದಿದೆ. ಡಾಕ್ಟರ್ ಸಾಬ್ ಕಣ್ಣರಳಿಸಿ, “ಕಾಕಾ, 38 ಮಂದಿ! ಫ್ರೇಮಿನ್ಯಾಗ ಹ್ಯಾಂಗ ಹಿಡಿಸಿದ್ರೋ!” ಎಂದ. ಅದೇ ತಿಂಗಳು ಚಿತ್ರದುರ್ಗ ಜಿಲ್ಲೆ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಗುತ್ತಿಗೆ ವೈದ್ಯರೊಬ್ಬರು ಆಪರೇಷನ್ ಥಿಯೇಟರಿನಲ್ಲೇ ಮದುವೆ ಮುಂಚಿನ ಫೋಟೋ ಶೂಟ್ ನಡೆಸಿ ಕೆಲಸ ಕಳೆದುಕೊಂಡರು. ಅದನ್ನೂ ಓದಿದೆ. ಒಂದು ನಿಮಿಷ ಯೋಚಿಸಿದ. “ತಪ್ಪು ಕಾಕಾ, ಭಾಳ ತಪ್ಪು. ಆದ್ರ ಥಿಯೇಟರ್ ಲೈಟಿಗೆ ನೆರಳೇ ಬೀಳಂಗಿಲ್ಲ ನೋಡ್ರಿ, ಮುಖ ಏನ್ ಛಲೋ ಬಂದಿರಬೇಕು!”

ಇಂಥವನಿಗೆ ನಿಯಮದ ಭಯ ಹುಟ್ಟಿಸಲು ಸರ್ಕಾರವೂ ಪ್ರಯತ್ನಪಟ್ಟಿತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿ ಹೊರಡಿಸಿ, ವೈದ್ಯರು ಲೈಕು, ಫಾಲೋವರುಗಳನ್ನು ದುಡ್ಡು ಕೊಟ್ಟು ಕೊಳ್ಳಬಾರದು, ರೋಗಿಯ ಫೋಟೋ, ಸ್ಕ್ಯಾನು ಹಾಕಬಾರದು ಎಂದೆಲ್ಲ ಬರೆಯಿತು. ಅದೇ ತಿಂಗಳು ಮುಗಿಯುವುದರೊಳಗೆ ಆ ನಿಯಮಾವಳಿಯನ್ನೇ ತಡೆಹಿಡಿಯಿತು. ಜೆನರಿಕ್ ಔಷಧಿ ಬರೆಯಲೇಬೇಕೆಂಬ ಮಾತಿಗೆ ಎದ್ದ ಗಲಾಟೆಯಲ್ಲಿ ಲೈಕಿನ ಕಲಮೂ ಕೊಚ್ಚಿಹೋಯಿತು. ಉಳಿದದ್ದು 2002ರ ಹಳೆಯ ನಿಯಮ. ಅದನ್ನು ಬರೆದಾಗ ಇನ್‌ಸ್ಟಾಗ್ರಾಂ ಹುಟ್ಟಿರಲಿಲ್ಲ. ನಮ್ಮ ಡಾಕ್ಟರ್ ಸಾಬ್‌ಗಾದರೋ ಆಗಷ್ಟೇ ಹಲ್ಲು ಬರುತ್ತಿದ್ದವು.

ಹಲ್ಲಿನ ಮಾತು ಬಂತಲ್ಲ, ಇನ್ನು ಮುಚ್ಚಿಟ್ಟು ಫಲವಿಲ್ಲ.

ಹೋದ ಚಳಿಗಾಲದಲ್ಲಿ ನೆಂಟರನ್ನು ರೈಲು ಹತ್ತಿಸಲು ಕಾಚಿಗೂಡ ಸ್ಟೇಷನ್ನಿಗೆ ಹೋಗಿದ್ದೆ. ನನಗೆ ಹನ್ನೊಂದು ವರ್ಷದಿಂದ ಸಕ್ಕರೆ. ಮನೆಯಲ್ಲಿ ಬೆಲ್ಲದ ಡಬ್ಬಿ ಯಾವ ಕಪಾಟಿನಲ್ಲಿದೆಯೆಂಬುದು ಕೂಡ ನನ್ನಿಂದ ಗುಟ್ಟು. ರೈಲು ಹೊರಟಿತು, ಕೈಬೀಸಿದೆ, ತಿರುಗಿದರೆ ಎದುರಿಗೇ ಪಲ್ಲಿಪಟ್ಟಿ ಮಾರುವವ. ಊರಲ್ಲಿ ನಾವು ಶೇಂಗಾ ಚಿಕ್ಕಿ ಎನ್ನುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. 1916ರಲ್ಲಿ ನಿಜಾಮರ ಕಾಲದಲ್ಲಿ ಕಟ್ಟಿದ ಆ ಸ್ಟೇಷನ್ನಿನ ಗುಮ್ಮಟದ ಕೆಳಗೆ ನಿಂತು, ಇತಿಹಾಸ ನೋಡುವವನಂತೆ ಕತ್ತೆತ್ತಿ, ಒಂದು ತುಂಡು ಬಾಯಿಗೆ ಹಾಕಿದೆ. ಮೇಲಿನ ಸಾಲಿನಲ್ಲಿ ನನ್ನವು ಎರಡು ಕಟ್ಟಿಸಿದ ಹಲ್ಲು, ತೆಗೆದು ಹಾಕುವಂಥವು, ಎರಡೂ ಕಡೆ ತಂತಿಯ ಕೊಕ್ಕೆ. ಬೆಲ್ಲದ ಪಾಕ ಅವನ್ನು ಹಿಡಿಯಿತು. ಕತ್ತು ಮೇಲಿತ್ತಲ್ಲ, ಪಲ್ಲಿ, ಪಟ್ಟಿ, ಹಲ್ಲು ಮೂರೂ ಒಟ್ಟಿಗೆ ಇಳಿದವು.

ಮನೆಗೆ ಫೋನು ಮಾಡಿ “ಎದಿಯೊಳಗ ಗ್ಯಾಸು” ಎಂದೆ. ಆಟೋ ಹಿಡಿದು ಡಾಕ್ಟರ್ ಸಾಬ್ ಇದ್ದ ಆಸ್ಪತ್ರೆಗೇ ಹೋದೆ. ಅವನದೇ ಡ್ಯೂಟಿ. ಕಿವಿಯಲ್ಲಿ ಎಲ್ಲ ಹೇಳಿ, “ನಿಮ್ಮ ಕಾಕೂಗ ಗೊತ್ತಾಗಬಾರದು ನೋಡಪ್ಪಾ” ಎಂದೆ. ಎದೆಯ ಮೇಲೆ ಕೈಯಿಟ್ಟ, ಸ್ಟೆತಸ್ಕೋಪಿನ ಮೇಲೆಯೇ. “ಪೇಶಂಟಿನ ಗುಟ್ಟು ಕಾಕಾ. ಪ್ರಾಣ ಹೋದ್ರೂ ಹೊರಗ ಬಿಡಂಗಿಲ್ಲ.”

ಎಕ್ಸ್‌ರೇ ತೆಗೆಯುವವ ಅರೆನಿದ್ದೆಯಲ್ಲಿ “ಚೈನು, ಉಂಗುರ?” ಎಂದ. ಇಲ್ಲವೆಂದೆ. ಜನಿವಾರಕ್ಕೆ ಕಟ್ಟಿದ ಕೀಲಿಯನ್ನು ಯಾವ ಗಂಡಸು ಒಡವೆಯೆಂದು ಲೆಕ್ಕ ಹಿಡಿಯುತ್ತಾನೆ? ದೊಡ್ಡ ಡಾಕ್ಟರು ಬಂದು ಗಂಟಲಲ್ಲಿ ಕೊಳವೆ ಇಳಿಸಿ ಹಲ್ಲನ್ನು ಹೊರತೆಗೆದರು. ಹುಡುಗನ ಬಗ್ಗೆ ಇದೊಂದನ್ನು ಹೇಳದಿದ್ದರೆ ಪಾಪ ಬರುತ್ತದೆ: ಆ ಅರ್ಧ ಗಂಟೆ ಅವನ ಕೈಯಲ್ಲಿ ಫೋನಿರಲಿಲ್ಲ. ನನ್ನ ಕೈಯಿತ್ತು. ಉಗುಳು ಸುರಿದಾಗಲೆಲ್ಲ ತಾನೇ ಒರೆಸಿದ, “ಮೂಗಿಲೆ ಉಸಿರು ತೊಗೋರಿ ಕಾಕಾ” ಎಂದು ಮಗುವಿಗೆ ಹೇಳುವಂತೆ ಹೇಳುತ್ತಲೇ ಇದ್ದ. ಅದು ಯಾವ ರೀಲಿನಲ್ಲೂ ಬರಲಿಲ್ಲ.

ರೀಲಿನಲ್ಲಿ ಬಂದದ್ದು ಮೂರನೆಯ ದಿನ. ಢಂ ಢಂ ಸಂಗೀತ, ನನ್ನ ಎದೆಗೂಡು, ಮೇಲೆ ಅಕ್ಷರ: ‘63 ವರ್ಷದ ಗಂಡಸು. ಸಕ್ಕರೆ ಕಾಯಿಲೆ. ರಾತ್ರಿ ರೈಲ್ವೆ ಸ್ಟೇಷನ್ನಿನಲ್ಲಿ ಕದ್ದು ಸಿಹಿ ತಿಂದ. ಏನು ಕಾಣುತ್ತಿದೆ? ಗೆಸ್ ಮಾಡಿ!’ ಹೆಸರಿನ ಮೇಲೆ ಕಪ್ಪು ಪಟ್ಟಿ. ಹಲ್ಲಿನ ತಂತಿ ಸಣ್ಣಗೆ ಎಲ್ಲೋ ಇತ್ತು. ಆದರೆ ಎದೆಯ ಕೆಳಗೆ, ನೆಹರೂ ಕೋಟಿನ ಗುಲಾಬಿಯಂತೆ ಎದ್ದು ಕಾಣುತ್ತಿದ್ದದ್ದು ಕೀಲಿ. ನೋಡಿದವರೆಲ್ಲ ಅದನ್ನೇ ಹಿಡಿದರು. ಕೀಲಿ ನುಂಗಿದ ಮುದುಕನೆಂದು ಜಗತ್ತು ತೀರ್ಪಿತ್ತಿತು. ಬಾಳೆಹಣ್ಣು ತಿನ್ನಿಸಿ, ತಾನೇ ಬರುತ್ತದೆ ಎಂದ ಒಬ್ಬ. ಆಸ್ತಿ ಮಕ್ಕಳಿಗೆ ಸಿಗಬಾರದೆಂದು ನುಂಗಿದ್ದಾನೆ ಎಂದಳು ಒಬ್ಬಳು. ಬೀಗವನ್ನೂ ನುಂಗಿದ್ದರೆ ಸರಿಹೋಗುತ್ತಿತ್ತು ಎಂದ ಇನ್ನೊಬ್ಬ.

ಸಂಜೆ ರಾಯಚೂರಿನಿಂದ ತಂಗಿಯ ಫೋನು. ಮೊಮ್ಮಗಳು ತೋರಿಸಿದಳಂತೆ. “ಅಣ್ಣಾ, ಅಪ್ಪಾರ ಟ್ರಂಕಿನ ಕೀಲಿ ಕಳದದ ಅಂತ ಆರು ವರ್ಷದಿಂದ ಹೇಳಲಿಕತ್ತಿ. ಮೂರು ಎಸಳಿನ ಕೀಲಿ, ಒಂದು ಎಸಳು ಮುರದದ. ನಿನ್ನ ಎದಿ ಮ್ಯಾಲೆ ಅದ ಅಲ್ಲ?” ನಾನು ಫೋನಿನ ಸ್ಪೀಕರ್ ಆರಿಸಲು ತಡವರಿಸುತ್ತಿದ್ದಾಗ ಹಿಂದೆ ನಿಂತಿದ್ದ ಹೆಂಡತಿ ಟ್ರಂಕಿನ ಮಾತೇ ಎತ್ತಲಿಲ್ಲ. “ಸ್ಟೇಷನ್ನಿನ್ಯಾಗ ಏನ್ ತಿಂದ್ರಿ?” ಎಂದಳು.

ಡಾಕ್ಟರ್ ಸಾಬ್‌ನನ್ನು ಕರೆಸಿದೆ. ನಗುತ್ತಲೇ ಬಂದ. “ಕಾಕಾ, ನಿಮ್ಮ ಎದಿಗೂಡಿಗೆ ನಲವತ್ತು ಸಾವಿರ ವ್ಯೂಸ್! ನನ್ನ ಮುಖಕ್ಕ ಎಂದೂ ಇಷ್ಟು ಬಂದಿಲ್ಲ.” ನಿಜ ಹೇಳುತ್ತೇನೆ, ಒಂದು ಕ್ಷಣ ನನಗೂ ಹೆಮ್ಮೆಯಾಯಿತು. ಮೂವತ್ತು ವರ್ಷ ಕತೆ ಬರೆದು ಪತ್ರಿಕೆಗಳಿಗೆ ಕಳಿಸಿದವನಿಗೆ ನಲವತ್ತು ಸಾವಿರ ಅಂದರೆ ಸಣ್ಣ ಮಾತೇ? ಸಾವರಿಸಿಕೊಂಡು, ಗುಟ್ಟು ಬಿಡುವುದಿಲ್ಲ ಅಂದಿದ್ದೆಯಲ್ಲ ಎಂದೆ.

“ಹೆಸರು ಮುಚ್ಚೀನಲ್ರಿ!”

“ಕೀಲಿ?”

ಕೀಲಿಯನ್ನು ಅವನು ನೋಡಿಯೇ ಇರಲಿಲ್ಲ. ನೋಡಿದ್ದರೂ ಅದು ಯಾರದೆಂದು ಗುರುತಿಸುವವರು ಇದ್ದಾರೆಂದು ಅವನ ಪುಸ್ತಕದಲ್ಲಿ ಬರೆದಿಲ್ಲ. ನಮ್ಮ ಮಂದಿ ಮುಖ ನೋಡಿ ಗುರುತು ಹಿಡಿಯುವುದು ಕಡೆಗೆ. ಚಪ್ಪಲಿ, ಚಾದರ, ಟಿಫಿನ್ ಡಬ್ಬಿಯ ಮೇಲೆ ಕೊರೆಸಿದ ಹೆಸರು, ಕೆಮ್ಮು ಇವೇ ಮೊದಲು. ಮೊದಲ ವರ್ಷ ಬಿಳಿ ಕೋಟು ತೊಡಿಸುವ ಸಮಾರಂಭದಲ್ಲಿ ಅವನು ಚರಕ ಶಪಥ ಮಾಡಿದ್ದಾನೆ. ರೋಗಿಯ ಮನೆಯಲ್ಲಿ ಕಂಡದ್ದನ್ನು ಹೊರಗೆ ಆಡಬಾರದೆಂದು ಚರಕ ಸಂಹಿತೆಯಲ್ಲೇ ಶಿಷ್ಯನಿಗೆ ಕಟ್ಟಪ್ಪಣೆಯಿದೆ. ಆ ಶಪಥದ್ದೂ ಅವನು ರೀಲು ಮಾಡಿದ್ದ.

ಆದರೆ ಹುಡುಗ ಓದಿಕೊಂಡವನು, ಸುಲಭಕ್ಕೆ ಸೋಲುವುದಿಲ್ಲ. “ರೊನಾಲ್ಡ್ ರಾಸ್ ಇಲ್ಲೇ ಸಿಕಂದರಾಬಾದಿನ್ಯಾಗ 1897ರಾಗ ಸೊಳ್ಳಿ ಹೊಟ್ಯಾಗ ಮಲೇರಿಯಾ ಕಂಡುಹಿಡದ್ನಲ್ಲ. ಪೇಶಂಟಿನ ಹೆಸರು ಹುಸೇನ್ ಖಾನ್ ಅಂತ ಇಡೀ ಜಗತ್ತಿಗೆ ಗೊತ್ತದ. ಆತಗ ನೊಬೆಲ್ ಕೊಟ್ರು, ನನಗ ಬೈತೀರಿ!”

“ರಾಸ್ ಆ ಹುಸೇನ್ ಖಾನಗ ಕಚ್ಚಿದ ಸೊಳ್ಳಿಗೊಂದು ಆಣೆ ಎಣಿಸಿ ಕೊಟ್ಟಾನಪ್ಪ. ನನಗ ವ್ಯೂಸಿಗೆ ಎಷ್ಟು ಕೊಡ್ತಿ?” ಎಂದೆ. ಮೊದಲ ಸಲ ಅವನ ಬಾಯಿ ಕಟ್ಟಿತು.

ನಾನು ದೂರು ಕೊಡಲಿಲ್ಲ. ಕೊಡುವ ಪ್ರಮೇಯವೇ ಬರಲಿಲ್ಲ; ಅವನ ಯೂನಿಟ್ಟಿನ ದೊಡ್ಡ ಮೇಡಂ ಅವರ ಮಗಳೇ ಅವನ ಫಾಲೋವರು. ಮೇಡಂ ಕೂಗಾಡುವವರಲ್ಲ. 2002ರ ನಿಯಮಾವಳಿಯ 7.17ನೇ ಕಲಮು ತೆಗೆಸಿ ಅವನ ಬಾಯಿಂದಲೇ ಓದಿಸಿದರಂತೆ. ಗುರುತು ಸಿಗುವ ರೀತಿಯಲ್ಲಿ ರೋಗಿಯ ಫೋಟೋವನ್ನಾಗಲಿ ಕೇಸಿನ ವಿವರವನ್ನಾಗಲಿ ಒಪ್ಪಿಗೆಯಿಲ್ಲದೆ ಪ್ರಕಟಿಸಕೂಡದು ಎಂದಿದೆ ಅಲ್ಲಿ. “ಗುರುತು ಸಿಕ್ಕಿತೋ ಇಲ್ಲವೋ?” ಎಂದರಂತೆ. “ಅವರ ತಂಗಿಗೆ ಸಿಕ್ಕಿತು ಮೇಡಂ” ಎಂದನಂತೆ. ರೀಲು ತೆಗೆಸಿದರು. ಶಿಕ್ಷೆಯಾಗಿ ಹತ್ತು ದಿನ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಪ್ರತಿಯೊಬ್ಬರ ಸರ, ಪಿನ್ನು, ತಾಯತ, ಉಡದಾರ, ಕೀಲಿ ಬಿಚ್ಚಿಸಿ ಬಟ್ಟಲಲ್ಲಿಟ್ಟು, ಹೊರಬಂದಾಗ ಎಣಿಸಿ ವಾಪಸು ಕೊಡುವ ಕೆಲಸ. ಬಹಳ ಶ್ರದ್ಧೆಯಿಂದ ಮಾಡಿದನೆಂದು ಕೇಳಿದೆ. ಹನ್ನೊಂದನೆಯ ದಿನ ‘ಎಕ್ಸ್‌ರೇಗೆ ಮುಂಚೆ ಬಿಚ್ಚಿಡಬೇಕಾದ ಏಳು ವಸ್ತುಗಳು’ ಎಂದು ಹೊಸ ರೀಲು ಬಂತು. ಅದರಲ್ಲಿ ರೋಗಿ ಯಾರೂ ಇಲ್ಲ. ಜನಿವಾರ ಹಾಕಿಕೊಂಡು, ಬನಿಯನ್ನು ಸರಿಸಿ, ಕೀಲಿ ತೋರಿಸುವವನು ಅವನೇ. ಅದಕ್ಕೆ ಬಂದ ವ್ಯೂಸು ಮುನ್ನೂರ ಹನ್ನೆರಡು. ಅದರಲ್ಲಿ ನನ್ನವು ನಾಲ್ಕು.

ಹಲ್ಲು ತೊಳೆದು ಮತ್ತೆ ಹಾಕಿಕೊಂಡಿದ್ದೇನೆ. ಟ್ರಂಕು ಹೋದ ಶುಕ್ರವಾರ ರಾಯಚೂರಿಗೆ ಹೋಯಿತು, ಕೀಲಿ ಸಮೇತ. ಸ್ಟೇಷನ್ನಿಗೆ ಹೊತ್ತು ತಂದವನು ಡಾಕ್ಟರ್ ಸಾಬ್. ನನ್ನ ಪಕ್ಕದಿಂದ ಕದಲಬಾರದೆಂದು ಹೇಳಿ ಅವನನ್ನು ಕಳಿಸಿದವಳು ನನ್ನ ಹೆಂಡತಿ.