ಅಟ್ಟದ ಮೇಲಿನ ಗುರಿಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರು ಗುರಿಗಳನ್ನು ಡೈರಿಯಲ್ಲಿ ಬರೆಯುವುದಿಲ್ಲ, ಅಟ್ಟಕ್ಕೆ ಸುರಿಯುತ್ತಾರೆ. ಮಗಳ ಮದುವೆ, ಮಗನ ಇಂಜಿನಿಯರಿಂಗ್ ಫೀಸು, ಹೊಸ ಬೋರ್‌ವೆಲ್ ಎಲ್ಲವೂ ಅಲ್ಲೇ, ಸಿಪ್ಪೆ ಸಮೇತ. ಕಾಯಿ ಉಂಡೆ ಕೊಬ್ಬರಿಯಾಗಲು ಎಂಟು-ಹತ್ತು ತಿಂಗಳಾದರೂ ಬೇಕು. ಅಷ್ಟರಲ್ಲಿ ಬೀಗರಾಗಲಿರುವವರು ಬಂದು, ಉಂಡು, ತಲೆಯೆತ್ತಿ ಅಟ್ಟವನ್ನೇ ಅಳೆದು ಹೋಗಿರುತ್ತಾರೆ.

2023ರಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಅಷ್ಟೂ ಗಿಟ್ಟಲಿಲ್ಲ. ‘ಮುಂದಿನ ವರ್ಷ ನೋಡೋಣ’ ಎಂಬ ಮಾತಿಗೆ ಮಾತ್ರ ಬರವಿರಲಿಲ್ಲ.

2025ರಲ್ಲಿ ದರ 25,000 ದಾಟಿತು. ಎಳನೀರಿಗೇ ಗೊನೆ ಇಳಿಸಿದ್ದವರ ಮುಖ ನೋಡಬೇಕಿತ್ತು!

ಇದೇ ಹುರುಪಿನಲ್ಲಿ ಬೆಂಗಳೂರಿನ ಮಗ ಫೋನ್ ಮಾಡುತ್ತಾನೆ: ‘ಕೆಲಸ ಬಿಟ್ಟು ತೆಂಗು ಹಾಕ್ತೀನಪ್ಪಾ.’

‘ಹಾಕು. ನಾಟಿ ಸಸಿ ಫಲ ಬಿಡೋಕೆ ಆರೇಳು ವರ್ಷ ಬೇಕು. ಅಲ್ಲೀವರೆಗೆ ಸಂಬಳ ತಗೊಂಡಿರು.’