ನಲ್ಲಿಗೊಂದು ಹಿಡಿ

ಬಿಯರ್ ನಲ್ಲಿಯ ಹಿಡಿ ಮಾಡುವ ಕೆಲಸ ಬಹಳ ಸಣ್ಣದು. ಮುಂದಕ್ಕೆ ಎಳೆದರೆ ಬಿಯರ್ ಬರುತ್ತದೆ, ಹಿಂದಕ್ಕೆ ನೂಕಿದರೆ ನಿಲ್ಲುತ್ತದೆ, ಅರೆಮನಸ್ಸಿನಿಂದ ನಡುವೆ ನಿಲ್ಲಿಸಿದರೆ ಬರೀ ನೊರೆ ಬರುತ್ತದೆ. ಇಷ್ಟಕ್ಕೆ ಬೆರಳುದ್ದದ ಕಡ್ಡಿಯೊಂದು ಸಾಕು, ಅದು ನಲ್ಲಿಯ ಜೊತೆಗೇ ಬಂದಿರುತ್ತದೆ. ಆದರೂ ಆ ಕಡ್ಡಿಯ ನೆತ್ತಿಯ ಮೇಲೆ ಮನುಷ್ಯರು ಜಿಂಕೆಯ ಕೊಂಬು, ಗೊಂಬೆಯ ತಲೆ, ಹಳೇ ಎಂಜಿನ್ನಿನ ಪಿಸ್ಟನ್, ಮುರಿದ ಹಾಕಿ ಕೋಲು, ಯಾವುದೋ ಪಂದ್ಯದಲ್ಲಿ ಎರಡನೆಯ ಸ್ಥಾನಕ್ಕೆ ಸಿಕ್ಕ ಟ್ರೋಫಿಯ ಮೇಲಿನ ಗಿಲೀಟಿನ ಆಟಗಾರ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕೂರಿಸುತ್ತ ಬಂದಿದ್ದಾರೆ. ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರಿಗೆ ಇದು ಕೈಹಿಡಿದ ಉಪಕಸುಬು. ಬಿಯರ್ ಹುಳಿತು ಹದಕ್ಕೆ ಬರಲು ವಾರಗಟ್ಟಲೆ ಬೇಕು. ಅಷ್ಟು ದಿನ ಪಾತ್ರೆಯ ಮುಚ್ಚಳ ತೆಗೆದು ನೋಡುವಂತಿಲ್ಲ. ಕೈ ಸುಮ್ಮನಿರಬೇಕಲ್ಲ?

ಹಿಡಿಗೆ ಇಷ್ಟೊಂದು ಸ್ವಾತಂತ್ರ್ಯ ಸಿಕ್ಕಿದ್ದು ಅದರ ಕೆಲಸ ಕಡಿಮೆಯಾದ ಮೇಲೆ. ಇಂಗ್ಲೆಂಡಿನ ಪಬ್ಬುಗಳಲ್ಲಿ ನೆಲಮಾಳಿಗೆಯ ಪೀಪಾಯಿಯಿಂದ ಬಿಯರನ್ನು ಮೇಲಕ್ಕೆತ್ತುವುದು ಕೈಪಂಪು. ಬೀಗಕ್ಕೂ ಹೈಡ್ರಾಲಿಕ್ ಪ್ರೆಸ್ಸಿಗೂ ಹೆಸರಾದ ಜೋಸೆಫ್ ಬ್ರಾಮಾ 1797ರಲ್ಲಿ ಅಂಥದೊಂದು ಪಂಪಿಗೆ ಪೇಟೆಂಟ್ ಪಡೆದ. ಅಲ್ಲಿನ ಹಿಡಿ ಉದ್ದವಾಗಿ, ನೆಟ್ಟಗೆ, ಗಂಭೀರವಾಗಿ ನಿಂತಿರುತ್ತದೆ. ಅದನ್ನು ಜಗ್ಗುವವರ ತೋಳಿಗೆ ನಿಜವಾದ ದುಡಿಮೆ. ಅದರ ತುದಿಗೆ ಗೊಂಬೆಯ ತಲೆ ಸಿಕ್ಕಿಸಿದರೆ ಮೊದಲ ಗಿರಾಕಿಗೇ ಕಿತ್ತು ಕೈಗೆ ಬರುತ್ತದೆ. ಅಮೆರಿಕದ ರೂಢಿಯಲ್ಲಿ ಕೆಗ್ ಎಂಬ ಲೋಹದ ಪೀಪಾಯಿಯೊಳಗಿನ ಇಂಗಾಲದ ಡೈಆಕ್ಸೈಡಿನ ಒತ್ತಡವೇ ಬಿಯರನ್ನು ಹೊರಗೆ ದಬ್ಬುತ್ತದೆ; ಹಿಡಿ ಬಾಗಿಲು ತೆರೆಯುವ ದ್ವಾರಪಾಲಕ ಮಾತ್ರ. ದ್ವಾರಪಾಲಕರಿಗೆ ಕಿರೀಟ, ಕೋರೆಹಲ್ಲು, ಗದೆ ಎಲ್ಲ ಇರುವುದು ನಮಗೆ ಹೊಸದೇನಲ್ಲ.

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಅದು ತೊಲಗಿದ ಮೇಲೆ ಒಂದು ಬಿಯರಿನ ಹೆಸರು ಹೇಳಿ ಇನ್ನೊಂದನ್ನು ಸುರಿದುಕೊಡುವ ಬಾರುಗಳ ಕಾಟ ತಡೆಯಲು, ಯಾವ ನಲ್ಲಿಯಲ್ಲಿ ಯಾವ ಬಿಯರ್ ಎಂಬುದು ಗಿರಾಕಿಯ ಕಣ್ಣಿಗೆ ಕಾಣಲೇಬೇಕೆಂಬ ಕಟ್ಟಳೆ ಹಲವು ಕಡೆ ಬಂತು. ಆಗ ಹುಟ್ಟಿದ್ದು ಅಂಗೈಯಲ್ಲಿ ಅಡಗುವ ಗುಂಡು ಹಿಡಿ, ಅದರ ಮುಖಕ್ಕೆ ಎನಾಮಲ್ ಬಿಲ್ಲೆ, ಬಿಲ್ಲೆಯ ಮೇಲೆ ಕಂಪನಿಯ ಹೆಸರು. ಮುಂದೆ ಸಣ್ಣ ಸಣ್ಣ ಬಿಯರ್ ತಯಾರಕರು ಹೆಚ್ಚಿದಂತೆ ಬಾರಿನ ಕಟ್ಟೆಯ ಮೇಲೆ ಹಿಡಿಗಳ ನೂಕುನುಗ್ಗಲಾಯಿತು, ಒಂದಕ್ಕಿಂತ ಒಂದು ಎತ್ತರ, ಒಂದಕ್ಕಿಂತ ಒಂದು ವಿಚಿತ್ರ. 1988ರಲ್ಲಿ ಶಿಕಾಗೋದಲ್ಲಿ ಶುರುವಾದ ಗೂಸ್ ಐಲೆಂಡ್ ಕಂಪನಿಯ ಹಿಡಿ ಬಾತಿನ ಕತ್ತು ಮತ್ತು ತಲೆ. ಬಿಯರ್ ಬೇಕಾದವರು ಬಾತಿನ ಕತ್ತು ಹಿಡಿದು ಎಳೆಯಬೇಕು. ಗಿರಾಕಿ ನಾಲ್ಕು ಹೆಜ್ಜೆ ದೂರದಿಂದಲೇ ಬೆರಳು ತೋರಿಸಲಿ ಎಂಬುದು ಇಂಥ ಹಿಡಿಗಳ ಹಿಂದಿನ ವ್ಯಾಪಾರದ ಲೆಕ್ಕ.

ಮನೆಯ ನಲ್ಲಿಗೆ ಗಿರಾಕಿಯೂ ಇಲ್ಲ, ಪೈಪೋಟಿಯೂ ಇಲ್ಲ. ಅಸಲಿಗೆ ಮನೆಯಲ್ಲಿ ಬಿಯರ್ ಮಾಡುವುದಕ್ಕೇ ಬಹುಕಾಲ ಅಪ್ಪಣೆ ಇರಲಿಲ್ಲ. ಪಾನನಿಷೇಧ ಹೋದಾಗ ಮನೆಯ ದ್ರಾಕ್ಷಾರಸಕ್ಕೆ ವಿನಾಯಿತಿ ಸಿಕ್ಕಿತು, ಬಿಯರ್ ಹೊರಗೇ ಉಳಿಯಿತು. ಅದಕ್ಕೆ ಬಿಡುಗಡೆ ಸಿಕ್ಕಿದ್ದು 1978ರ ಅಕ್ಟೋಬರ್ 14ರಂದು, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಒಂದು ಮಸೂದೆಯಿಂದ. ಆ ಮಸೂದೆಯ ತಲೆಬರಹ ಶುರುವಾಗುವುದು ಟ್ರಕ್ಕು, ಬಸ್ಸು, ಟ್ರ್ಯಾಕ್ಟರುಗಳ ಮೇಲಿನ ಸುಂಕದಿಂದ. ಮನೆಯ ಬಿಯರು ಅದರ ಹಿಂಬದಿಯ ಏಣಿಗೆ ಜೋತುಬಿದ್ದು ಊರು ಸೇರಿತು. ಒಬ್ಬ ವಯಸ್ಕನಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ರಾಜ್ಯಗಳು ತಮ್ಮ ತಮ್ಮ ಕಾನೂನು ಸಡಿಲಿಸಲು ಇನ್ನೂ ಕಾಲ ಹಿಡಿಯಿತು. ಮಿಸಿಸಿಪ್ಪಿ, ಅಲಬಾಮಾಗಳು ಮನಸ್ಸು ಮಾಡಿದ್ದು 2013ರಲ್ಲಿ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಬರೀ ಹಿಡಿ ಮಾಡಿ ಗೋಡೆಗೆ ನೇತುಹಾಕುವವರನ್ನು ಯಾವ ಇನ್ಸ್‌ಪೆಕ್ಟರೂ ಕೇಳಲಾರ.

ಈ ಕಲೆಯಲ್ಲಿ ಎಲ್ಲಕ್ಕೂ ವಿನಾಯಿತಿ ಉಂಟು, ಒಂದಕ್ಕೆ ಮಾತ್ರ ಇಲ್ಲ. ಅದು ಥ್ರೆಡ್. ಅಮೆರಿಕದ ನಲ್ಲಿಗಳಲ್ಲಿ ಕಡ್ಡಿಯ ತುದಿಯ ಥ್ರೆಡ್ಡಿನ ರೂಢಿಯ ಅಳತೆ 3/8 ಅಂಗುಲ ದಪ್ಪ, ಅಂಗುಲಕ್ಕೆ 16 ಸುತ್ತು. ಹಿಡಿಯ ಬುಡದಲ್ಲಿ ಇದಕ್ಕೆ ಜೋಡಿಯಾಗುವ ತೂತಿದ್ದರೆ ಪೊರಕೆಕಡ್ಡಿಯೂ ಹಿಡಿಯೇ. ಇಲ್ಲವಾದರೆ ಬೆಳ್ಳಿಯ ಸಿಂಹವೂ ಷೋಕೇಸಿನ ಗೊಂಬೆ. ವಿಶೇಷವೆಂದರೆ ಈ ಅಳತೆಗೆ ಜಗತ್ತಿನ ತುಂಬ ನೆಂಟರಿದ್ದಾರೆ. ಕ್ಯಾಮೆರಾ ಟ್ರೈಪಾಡಿನ ದೊಡ್ಡ ತಿರುಪು ಇದೇ ಅಳತೆಯದು, ಹಾಗಾಗಿ ಟ್ರೈಪಾಡಿನ ತಲೆ ಕಳಚಿ ತಂದರೆ ಸೀದಾ ನಲ್ಲಿಯ ಮೇಲೆ ಕೂರುತ್ತದೆ. ಯುರೋಪಿನ ಮೈಕ್ ಸ್ಟ್ಯಾಂಡುಗಳಲ್ಲೂ ಇದೇ. ಹಳೇ ಅಮೆರಿಕನ್ ಕಾರುಗಳ ಎಷ್ಟೋ ಗೇರ್ ಗುಂಡಿಗಳಲ್ಲೂ ಇದೇ, ಅವಕ್ಕಂತೂ ಯಾವ ಶಸ್ತ್ರಚಿಕಿತ್ಸೆಯೂ ಬೇಡ, ತಿರುಗಿಸಿ ಕೂರಿಸಿದರಾಯಿತು. ಬ್ರಿಟಿಷರು ನಮ್ಮ ವರ್ಕ್‌ಶಾಪುಗಳಲ್ಲಿ ಬಿಟ್ಟುಹೋದ ವಿಟ್‌ವರ್ತ್ ಥ್ರೆಡ್ ಕೂಡ 3/8 ಅಂಗುಲಕ್ಕೆ 16 ಸುತ್ತಿನದೇ. ಹಲ್ಲಿನ ಕೋನದಲ್ಲಿ ಐದು ಡಿಗ್ರಿ ವ್ಯತ್ಯಾಸವಿದ್ದರೂ ಬಿಯರ್ ಎಳೆಯುವಷ್ಟು ಹೊಂದಾಣಿಕೆಗೆ ಅಡ್ಡಿಯಿಲ್ಲ. ಹೊಂದದಿರುವುದು ಈಗಿನ ಮೆಟ್ರಿಕ್ ಎಂ10. ದಪ್ಪ ಹೆಚ್ಚುಕಡಿಮೆ ಒಂದೇ ಆದ್ದರಿಂದ ನೋಡಿದವರು ಮೋಸಹೋಗುತ್ತಾರೆ. ಅದರ ಸುತ್ತಿನ ಅಂತರ 1.5 ಮಿಲಿಮೀಟರ್, ಇದರದು 1.6ರ ಹತ್ತಿರ. ಊರಿನ ಲೇತಿನವನ ಕೈಲಿ ಎಂ10 ಥ್ರೆಡ್ ಕೊಯ್ಯಿಸಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊತ್ತೊಯ್ದ ಹಿಡಿ ಅಲ್ಲಿ ಒಂದೆರಡು ಸುತ್ತು ಹೊಕ್ಕು ಲೊಡಲೊಡ ಅಲ್ಲಾಡುತ್ತದೆ. ಹಟಕ್ಕೆ ಬಿದ್ದು ತಿರುಗಿಸಿದರೆ ನಲ್ಲಿಯ ಥ್ರೆಡ್ಡೂ ಹೋಗುತ್ತದೆ.

ವಸ್ತು ಮರದ್ದಾದರೆ ಪುಣ್ಯ. ಹೊರಗೂ ಒಳಗೂ ಥ್ರೆಡ್ ಇರುವ ಹಿತ್ತಾಳೆಯ ಪುಟ್ಟ ಕೊಳವೆ ಸಿಗುತ್ತದೆ. ಬುಡದಲ್ಲಿ ಅರ್ಧ ಅಂಗುಲದ ತೂತು ಕೊರೆದು, ನಾಲ್ಕು ಹನಿ ಅಂಟು ಬಿಟ್ಟು, ಅದನ್ನು ತಿರುಗಿಸಿ ಇಳಿಸಿದರೆ ಮುಗಿಯಿತು. ಬೇಸ್‌ಬಾಲ್ ದಾಂಡಿನ ಹಿಡಿಭಾಗ, ಕುರ್ಚಿಯ ಕಾಲು, ಕೊಡಲಿಯ ಕಾವು, ಎಲ್ಲವೂ ಈ ದಾರಿಯಲ್ಲಿ ಸದ್ಗತಿ ಪಡೆದಿವೆ. ಕನ್ನಡದ ಮನೆಯಲ್ಲಾದರೆ ಲಟ್ಟಣಿಗೆ ಇದಕ್ಕೆ ಹೇಳಿ ಮಾಡಿಸಿದ್ದು. ಲೇತಿನಲ್ಲಿ ಕಡೆದ ಮೈ, ಕೈಗೆ ಹೊಂದುವ ಕುತ್ತಿಗೆ, ಎರಡು ಹಿಡಿಗಾಗುವಷ್ಟು ಉದ್ದ. ತೊಡಕಿರುವುದು ಮರಗೆಲಸದಲ್ಲಲ್ಲ, ಮಾರನೆಯ ಬೆಳಿಗ್ಗೆ ಚಪಾತಿಗೆ ಹಿಟ್ಟು ಕಲಸಿದ ಮೇಲೆ. ಸ್ಪ್ಯಾನರ್, ಪಿಸ್ಟನ್ನಿನ ರಾಡು ಮುಂತಾದ ಕಬ್ಬಿಣದ ಸಾಮಾನಿಗೆ ಉದ್ದನೆಯ ನಟ್ಟೊಂದನ್ನು ಬುಡಕ್ಕೆ ವೆಲ್ಡ್ ಮಾಡಿಬಿಡುತ್ತಾರೆ, ಅದರಲ್ಲಿ ರಸವತ್ತಾದದ್ದೇನೂ ಇಲ್ಲ.

ಜಿಂಕೆಯ ಕೊಂಬಿನದು ಬೇರೆ ಕಥೆ. ಅಮೆರಿಕದ ಬಿಳಿಬಾಲದ ಜಿಂಕೆ ವರ್ಷವರ್ಷ ಕೊಂಬು ಉದುರಿಸುತ್ತದೆ, ಕಾಡಂಚಿನಲ್ಲಿ ನಡೆದಾಡುವವರಿಗೆ ಬಿದ್ದದ್ದು ಸಿಗುತ್ತದೆ. ಹೊರಗೆ ಕಲ್ಲಿನಂತೆ ಕಾಣುವ ಕೊಂಬಿನ ಒಳತಿರುಳು ಸಣ್ಣ ಸಣ್ಣ ತೂತುಗಳಿಂದ ತುಂಬಿರುತ್ತದೆ. ಅದಕ್ಕೆ ಹಿತ್ತಾಳೆಯ ಕೊಳವೆ ತಿರುಗಿಸಿದರೆ ಮೊದಲ ದಿನ ಗಟ್ಟಿಯಾಗಿಯೇ ಕೂರುತ್ತದೆ. ನಾಲ್ಕು ಸಂಜೆ ಎಳೆದಾಡಿದ ಮೇಲೆ ತಿರುಳು ಪುಡಿಯಾಗಿ ಕೊಳವೆ ನಲ್ಲಿಯಲ್ಲಿಯೇ ಉಳಿದು ಕೊಂಬು ಕೈಗೆ ಬರುತ್ತದೆ. ಆದ್ದರಿಂದ ಮೊದಲು ತಿರುಳನ್ನು ಒಂದಂಗುಲ ಆಳಕ್ಕೆ ಕೆರೆದು ತೆಗೆದು, ಅಲ್ಲಿ ತೆಳುವಾದ ಎಪಾಕ್ಸಿ ಸುರಿದು, ಅದು ತೂತುಗಳಿಗೆಲ್ಲ ಇಳಿದು ಗಟ್ಟಿಯಾದ ಮೇಲೆ ಆ ಗಟ್ಟಿಯಲ್ಲಿ ತೂತು ಕೊರೆಯಬೇಕು. ಕೊಂಬು ಕೊರೆಯುವಾಗ ಏಳುವ ವಾಸನೆ ಸುಟ್ಟ ಕೂದಲಿನದು. ಈ ಕೆಲಸವನ್ನು ಅಂಗಳದಲ್ಲಿ ಮಾಡುವುದು ಸಂಸಾರಕ್ಕೆ ಕ್ಷೇಮ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಶ್ವಾಸಕೋಶಕ್ಕೆ ಕ್ಷೇಮ.

ಬಿಲಿಯರ್ಡ್ಸ್ ಚೆಂಡು ಇದಕ್ಕೆ ತದ್ವಿರುದ್ಧ. ಎಲ್ಲೆಲ್ಲೂ ಒಂದೇ ಗಟ್ಟಿತನದ ಫೀನಾಲಿಕ್ ರಾಳ, 57 ಮಿಲಿಮೀಟರ್ ಅಡ್ಡಳತೆ, ಥ್ರೆಡ್ ಕೊಯ್ಯಲು ಒಳ್ಳೆಯ ಪದಾರ್ಥ. 5/16 ಅಂಗುಲದ ತೂತು ಕೊರೆದು ಟ್ಯಾಪ್ ಹೊಡೆದರೆ ಕೊಳವೆಯೇ ಬೇಡ. ಆದರೆ ಅದು ಚೆಂಡು. ವೈಸಿನಲ್ಲಿ ಬಿಗಿದರೆ ಜಾರುತ್ತದೆ, ಇನ್ನೂ ಬಿಗಿದರೆ ಗೀರು ಬೀಳುತ್ತದೆ, ಕೈಯಲ್ಲಿ ಹಿಡಿದರೆ ಡ್ರಿಲ್ಲಿನ ಜೊತೆಗೆ ತಾನೂ ತಿರುಗಿ ಮುಂಗೈಯನ್ನೂ ತಿರುಗಿಸುತ್ತದೆ. ಎರಡು ಹಲಗೆಗಳಲ್ಲಿ ಚೆಂಡಿಗಿಂತ ತುಸು ಸಣ್ಣ ತೂತು ಮಾಡಿ, ನಡುವೆ ಚೆಂಡನ್ನಿಟ್ಟು, ಹಲಗೆಗಳನ್ನು ಬೋಲ್ಟಿನಿಂದ ಬಿಗಿದು ಕೊರೆಯುವುದು ಬಲ್ಲವರ ಉಪಾಯ. ಕಪ್ಪು ಎಂಟನೇ ಚೆಂಡಿಗೆ ಎಲ್ಲಿಲ್ಲದ ಬೇಡಿಕೆ. ಕೊರೆಯುವ ಮೊದಲು ಅಂಕಿ ಯಾವ ಕಡೆ ಮುಖ ಮಾಡಬೇಕೆಂದು ಗುರುತು ಹಾಕಿಕೊಳ್ಳದಿದ್ದರೆ ಎಂಟು ಮಲಗಿ ಅನಂತವಾಗುತ್ತದೆ. ಗಣಿತದ ಮೇಷ್ಟರ ಮನೆಯಾದರೆ ಅದೂ ನಡೆದೀತು.

ಗೊಂಬೆಗಳು, ಪ್ಲಾಸ್ಟಿಕ್ ಡೈನೋಸಾರ್‌ಗಳು ಒಳಗೆ ಪೊಳ್ಳು. ಅವಕ್ಕೆ ಎಪಾಕ್ಸಿ ತುಂಬಿಸಿ, ಅದು ಗಟ್ಟಿಯಾಗುವ ಮುನ್ನ ಬೋಲ್ಟನ್ನೋ ಕೊಳವೆಯನ್ನೋ ನೆಟ್ಟಗೆ ನಿಲ್ಲಿಸಬೇಕು. ಎಪಾಕ್ಸಿಯ ಎರಡು ದ್ರವಗಳು ಕೂಡಿದಾಗ ಬಿಸಿ ಹುಟ್ಟುತ್ತದೆ. ಅಡುಗೆಮನೆಯ ಸಿಂಕಿಗೆ ಮೆತ್ತುವ ಚಿಟಿಕೆ ಎಂ-ಸೀಲ್‌ನಲ್ಲಿ ಅದು ಗೊತ್ತಾಗುವುದಿಲ್ಲ, ಲೋಟದಷ್ಟನ್ನು ಒಮ್ಮೆಗೇ ಸುರಿದರೆ ಗೊತ್ತಾಗುತ್ತದೆ. ಡೈನೋಸಾರ್‌ನ ಬೆನ್ನು ಬಾಗುತ್ತದೆ, ಗೊಂಬೆಯ ಕೆನ್ನೆ ಜೋಲುತ್ತದೆ, ನಗುವ ಮುಖದಲ್ಲಿ ವೈರಾಗ್ಯ ಮೂಡುತ್ತದೆ. ಸ್ವಲ್ಪ ಸ್ವಲ್ಪವಾಗಿ, ಒಂದು ಪದರ ತಣಿದ ಮೇಲೆ ಇನ್ನೊಂದರಂತೆ ತುಂಬುವುದೇ ಸರಿ. ಗೊಂಬೆಯ ತಲೆಯನ್ನು ಬಳಸುವವರು ಅದರ ಒಡತಿಯ ವಯಸ್ಸನ್ನು ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ಇನ್ನು ತೂಕ. ಕಂಪನಿಯವರು ಹಿಡಿ ಮಾಡುವಾಗ ತೂಕ ಬುಡದಲ್ಲಿರಲಿ, ತಲೆ ಹಗುರವಾಗಿರಲಿ ಎಂದು ನೋಡುತ್ತಾರೆ. ಮನೆಯ ಕಲಾವಿದ ಪಿಸ್ಟನ್ನನ್ನು ಅದರ ಉದ್ದನೆಯ ರಾಡಿನ ಸಮೇತ ತಲೆಮೇಲಾಗಿ ನಿಲ್ಲಿಸುತ್ತಾನೆ, ಏಕೆಂದರೆ ಹಾಗೆ ನಿಂತರೇ ಅದಕ್ಕೆ ಕಳೆ. ನಲ್ಲಿಯನ್ನು ಮುಚ್ಚಿ ಹಿಡಿಯುವುದು ಒಳಗಿನ ರಬ್ಬರಿನ ಬಿಗಿತ ಮತ್ತು ಬಿಯರಿನ ಒತ್ತಡ ಮಾತ್ರ, ಒಂದು ಕಿಲೋ ಕಬ್ಬಿಣದ ಜೊತೆ ಅವು ಬಹಳ ಹೊತ್ತು ವಾದ ಮಾಡಲಾರವು. ಯಾರೋ ಬಾಗಿಲು ಜೋರಾಗಿ ಹಾಕಿದರೆ ಸಾಕು, ಪಿಸ್ಟನ್ ಮೆಲ್ಲಗೆ ಮುಂದಕ್ಕೆ ಬಾಗುತ್ತದೆ. ಬಾರಿನ ನಲ್ಲಿಗೆ ಗೊತ್ತುಮಾಡಿದ ವೇಗ ನಿಮಿಷಕ್ಕೆ ಒಂದು ಗ್ಯಾಲನ್, ಮನೆಯವರು ಬಳಸುವ ಕಾರ್ನೀಲಿಯಸ್ ಕೆಗ್ ಐದು ಗ್ಯಾಲನ್ನಿನದು. ಮಿಕ್ಕ ಲೆಕ್ಕ ನೆಲ ಒರೆಸುವವರಿಗೆ ಬಿಟ್ಟದ್ದು. ಹಿಡಿಯನ್ನು ತಾನೇ ಹಿಂದಕ್ಕೆಳೆಯುವ ಸ್ಪ್ರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಹಾಕಿಸಿದರೆ ಹಿಡಿ ತಗ್ಗಿಸಬೇಕಿಲ್ಲ, ಮಾನವೂ ಉಳಿಯುತ್ತದೆ.

ಕೂರಿಸಿದ ಮೇಲೆ ಮುಖದ ಪ್ರಶ್ನೆ ಬರುತ್ತದೆ. ಥ್ರೆಡ್ ಎಲ್ಲಿ ಬಿಗಿಯಾಗುತ್ತದೋ ಅಲ್ಲಿ ನಿಲ್ಲುವುದು ತಿರುಪಿನ ಸ್ವಭಾವ. ಹಾಗಾಗಿ ಎಷ್ಟೋ ಡೈನೋಸಾರ್‌ಗಳು ಮೊದಲ ಸಲ ಅತಿಥಿಗಳಿಗೆ ಬಾಲ ತೋರಿಸಿಕೊಂಡು ನಿಲ್ಲುತ್ತವೆ. ಕಡ್ಡಿಯ ಬುಡದಲ್ಲಿರುವ ಬಳೆಯನ್ನು ಮೇಲಕ್ಕೆ ತಿರುಗಿಸಿ ಹಿಡಿಗೆ ಒತ್ತಿದರೆ ಬೇಕಾದ ದಿಕ್ಕಿನಲ್ಲಿ ಬಿಗಿ ಸಿಗುತ್ತದೆ, ಆ ಬಳೆ ಇರುವುದೇ ಅದಕ್ಕೆ. ಅಕ್ಕಪಕ್ಕದ ನಲ್ಲಿಗಳ ನಡುವೆ ಸಾಮಾನ್ಯವಾಗಿ ಮೂರ್ನಾಲ್ಕು ಅಂಗುಲವಷ್ಟೇ ಜಾಗ, ಕವಲೊಡೆದ ಕೊಂಬು ಅಲ್ಲಿ ನೆರೆಯ ಗೊಂಬೆಯ ಕಣ್ಣಿಗೆ ಚುಚ್ಚುತ್ತದೆ. ಪೆಟ್ಟಿಗೆಯಂಥ ಫ್ರೀಜರಿಗೆ ಮರದ ಚೌಕಟ್ಟು ಸೇರಿಸಿ ಅದರಲ್ಲಿ ನಲ್ಲಿ ಕೂರಿಸಿದವರು ಇನ್ನೊಂದನ್ನೂ ಅಳೆಯಬೇಕು: ಮುಚ್ಚಳದ ಅಂಚು ಮುಂದೆ ಚಾಚಿದ್ದರೆ ಎತ್ತರದ ಹಿಡಿ ಅದಕ್ಕೆ ತಾಗಿ, ನಲ್ಲಿ ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ.

ಹೆಸರಿನ ವಿಷಯದಲ್ಲಿ ಮನೆಯ ಹಿಡಿ ಬಾರಿನ ಹಿಡಿಗಿಂತ ಹಿಂದೆ. ಬಾತಿನ ತಲೆಯ ಕೆಳಗೆ ಯಾವಾಗಲೂ ಅದೇ ಕಂಪನಿಯ ಬಿಯರ್ ಇರುತ್ತದೆ. ಮನೆಯ ಸ್ಪ್ಯಾನರಿನ ಕೆಳಗೆ ಈ ತಿಂಗಳು ಗೋಧಿಯ ಬಿಯರ್, ಮುಂದಿನ ತಿಂಗಳು ಕಪ್ಪು ಸ್ಟೌಟ್. ಕೆಲವರು ಹಿಡಿಗೆ ಕರಿಹಲಗೆಯ ಬಣ್ಣ ಬಳಿದು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಒದ್ದೆ ಕೈ ನಾಲ್ಕು ಸಲ ಮುಟ್ಟಿದರೆ ಅಕ್ಷರ ಹೋಗುತ್ತದೆ. ಆಯಸ್ಕಾಂತದ ಚೀಟಿ ಅಂಟಿಸುವುದು ಇದಕ್ಕಿಂತ ವಾಸಿ, ಹಿಡಿ ಕಬ್ಬಿಣದ್ದಾಗಿದ್ದರೆ. ರೂಢಿಯಲ್ಲಿ ಆಗುವುದು ಮಾತ್ರ ಬೇರೆ. ಬಂದವರು ಚೀಟಿ ಓದುವುದಿಲ್ಲ, “ಆ ಸ್ಪ್ಯಾನರಿಂದ ಒಂದು ಗ್ಲಾಸು ಕೊಡಿ” ಎನ್ನುತ್ತಾರೆ.

ಹಿಡಿ ಬಿಯರನ್ನು ಮುಟ್ಟುವುದಿಲ್ಲವಾದ್ದರಿಂದ ಯಾವ ಬಣ್ಣ, ಯಾವ ವಾರ್ನಿಷ್ ಬಳಿದರೂ ರುಚಿಗೆ ದೋಷವಿಲ್ಲ, ಒದ್ದೆ ಕೈಗೆ ತಡೆದರೆ ಸಾಕು. ಎರಡು ವಾರಕ್ಕೊಮ್ಮೆ ಕೊಳವೆಗಳನ್ನೂ ನಲ್ಲಿಯನ್ನೂ ತೊಳೆಯುವಾಗ ಹಿಡಿಯನ್ನು ಬಿಚ್ಚಿಟ್ಟು ಬಟ್ಟೆಯಿಂದ ಒರೆಸುತ್ತಾರೆ. ಊರಿಗೆ ಹೊರಡುವಾಗಲೂ ಬಿಚ್ಚುವುದುಂಟು. ನಲ್ಲಿಗೆ ಹಾಕುವ ಬೀಗ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಹಿಡಿಯನ್ನೇ ಜೇಬಿಗೆ ಹಾಕಿಕೊಂಡು ಹೋಗುವುದು ಸುಲಭ. ಉಳಿಯುವ ಗಿಡ್ಡ ಕಡ್ಡಿಯನ್ನು ಎಳೆಯಲು ಇಕ್ಕಳ ಸಾಕು ಎಂಬುದು ಮನೆಯಲ್ಲಿ ಉಳಿದವರಿಗೆ ಗೊತ್ತಿಲ್ಲದಿದ್ದರೆ ಬಿಯರ್ ಕ್ಷೇಮ.